ತುರ್ತಾಗಿ ಪದ ಬೇಕು: ‘ಬ್ರೋಲಿಗಾರ್ಕಿ’ಗೆ ಕನ್ನಡದಲ್ಲಿ ಏನು?

ಚಿಕ್ಕಬಳ್ಳಾಪುರದಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನಲ್ಲಿ ಸಂಪತ್ತಿನ ಅಸಮಾನತೆ ಬಗ್ಗೆ ಪೋಸ್ಟರ್ ಪ್ರದರ್ಶನ ಇದೆ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನದು. 2025ರ ಜನವರಿ 20ರಂದು ಟ್ರಂಪ್ ಪ್ರಮಾಣವಚನದಲ್ಲಿ ಟೆಕ್ ಕಂಪನಿಗಳ ಮಸ್ಕ್, ಬೆಜೋಸ್, ಜುಕರ್‌ಬರ್ಗ್ ಹಿಂದೆ ನಿಂತಿದ್ದರಲ್ಲ, ಆ ಫೋಟೊ ಕೆಳಗೆ ‘ಬ್ರೋಲಿಗಾರ್ಕಿ’ ಅಂತಿದೆ. ‘ಬ್ರೋ’ಗೆ ‘ಒಲಿಗಾರ್ಕಿ’ (ಕೆಲವೇ ಜನರ ಆಳ್ವಿಕೆ) ಸೇರಿಸಿ ಮಾಡಿದ ಪದ. ಒಲಿಗಾರ್ಕಿಗೆ ಪಠ್ಯಪುಸ್ತಕದಲ್ಲಿರುವ ‘ಅಲ್ಪಜನಾಧಿಪತ್ಯ’ ಹಾಕಿದರೆ ಯಾರೂ ನಿಂತು ಓದಲ್ಲ. ‘ದೋಸ್ತಿಶಾಹಿ’ ಆಗುತ್ತಾ? ಫ್ಲೆಕ್ಸ್ ಅಂಗಡಿಯವರು ಸಂಜೆಯೊಳಗೆ ಮ್ಯಾಟರ್ ಕೇಳಿದ್ದಾರೆ.

ಕೋಲಾರದಿಂದ:
ಆಗಲ್ಲ. ದೋಸ್ತಿಯೂ ಪಾರ್ಸಿ, ಶಾಹಿಯೂ ಪಾರ್ಸಿ. ಕನ್ನಡ ಎಲ್ಲಿದೆ ಅದರಲ್ಲಿ? ‘ಸಿರಿಯಾಳ್ವಿಕೆ’ ಅನ್ನಿ. ಯಕಾರಾಗಮ, ಮುಗೀತು. ಅಚ್ಚಗನ್ನಡ.

ತುಮಕೂರಿನಿಂದ:
ಸರ್, ‘ಸಿರಿ’ಯು ‘ಶ್ರೀ’ಯ ತದ್ಭವ. ಅಚ್ಚಗನ್ನಡ ಹೇಗಾಗುತ್ತೆ? ಅದಿರಲಿ, ಅರ್ಥವೂ ಕೆಡುತ್ತೆ. ಸಿರಿಧಾನ್ಯ, ಸಿರಿಗನ್ನಡ ಅನ್ನುವ ಜನ ನಾವು. ‘ಸಿರಿಯಾಳ್ವಿಕೆ’ ಅಂದರೆ ಸುಭಿಕ್ಷದ ಆಡಳಿತ ಅಂದುಕೊಳ್ಳುತ್ತಾರೆ. ಪೋಸ್ಟರ್ ಹೇಳಬೇಕಾದ್ದು ಅದರ ಉಲ್ಟಾ.

ಮೇಡಂ, ‘ದೋಸ್ತಿ’ ನನಗೂ ಬೇಡ. 2018ರಿಂದ ಆ ಪದಕ್ಕೆ ಸಮ್ಮಿಶ್ರ ಸರ್ಕಾರವೇ ನೆನಪಾಗುವುದು. ಇಂಗ್ಲಿಷಿನವರು ಏನು ಮಾಡಿದ್ದಾರೆ ನೋಡಿ. ‘ಅಫ್ಲುಯೆಂಜಾ’ದಲ್ಲಿ ಅಫ್ಲುಯೆನ್ಸ್‌ನ (ಸಿರಿವಂತಿಕೆ) ತಲೆ, ಇನ್‌ಫ್ಲುಯೆಂಜಾದ (ಫ್ಲೂ ಜ್ವರ) ಬಾಲ. ‘ಪ್ರಿಕೇರಿಯಟ್’ನಲ್ಲಿ ಪ್ರಿಕೇರಿಯಸ್‌ಗೆ (ಅಭದ್ರ) ಪ್ರೊಲಿಟೇರಿಯಟ್‌ನ (ದುಡಿಯುವ ವರ್ಗ) ಕೊನೆ. ಮಧ್ಯಕ್ಕೆ ಕತ್ತರಿಸಿದರೂ ಓದುಗರಿಗೆ ಎರಡೂ ಪದ ಸಿಗುತ್ತವೆ. ನಮ್ಮಲ್ಲಿ ಲೋಪಸಂಧಿಯಲ್ಲಿ ಒಂದು ಸ್ವರ ಬೀಳಬಹುದು, ಅರ್ಧ ಪದ ಬೀಳಲ್ಲ. ನಾವು ಪೂರ್ತಿ ಪದದ ಪಕ್ಕ ಪೂರ್ತಿ ಪದ ಇಡುತ್ತೇವೆ, ಇಲ್ಲ ಪ್ರತ್ಯಯ ಹಚ್ಚುತ್ತೇವೆ. ಹಾಗಾಗಿ ‘ಬ್ರೋ’ ಬಿಟ್ಟುಬಿಡಿ. ಅದು ಟೆಕ್ ಕಂಪನಿ ಗಂಡಸರ ಗುಂಪುಗಾರಿಕೆಯನ್ನು ಕುಟುಕುವ ಮಾತು. ಅಷ್ಟನ್ನು ಫೋಟೊನೇ ಹೇಳುತ್ತೆ.

‘ಕುಬೇರಶಾಹಿ’ ಹಾಕಿ. ಕುಬೇರ ಯಾರು ಅಂತ ಮಕ್ಕಳಿಗೂ ಗೊತ್ತು. ಶಾಹಿ ಅಂದರೆ ಯಾರದೋ ದರ್ಬಾರು ಅನ್ನೋದು ಬಂಡವಾಳಶಾಹಿ, ಪುರೋಹಿತಶಾಹಿಯಿಂದ ಗೊತ್ತು. ‘ಅಲ್ಪಜನ’ ಗ್ರೀಕ್ ಮೂಲಕ್ಕೆ ಸರಿ, ಆದರೆ ಒಲಿಗಾರ್ಕಿಯ ಗುರುತು ತಲೆ ಎಣಿಕೆ ಅಲ್ಲ, ದುಡ್ಡು ಅಂತ ಅರಿಸ್ಟಾಟಲ್ಲೇ ವಾದಿಸಿದ್ದಾನೆ.

ಪಾರ್ಸಿ ಅಂತ ಮೂಗು ಮುರಿಯೋದು ಸಾಕು ಸರ್. 1687ರಲ್ಲಿ ಶಿರಾ ಮೊಗಲರ ಸುಬಾ (ಪ್ರಾಂತ್ಯ) ಆಯಿತು, ಕೋಲಾರ ಅದರೊಳಗಿನ ಒಂದು ಪರಗಣ. ಜಮೀನು, ತಾಲ್ಲೂಕು, ಜಮಾಬಂದಿ, ತಹಸೀಲ್ದಾರ್ ಎಲ್ಲ ಪಾರ್ಸಿ, ಅರಬ್ಬಿ ಕಡೆಯವು. ಇವನ್ನು ಬಿಟ್ಟು ನಿಮ್ಮ ಊರಿನ ರೈತ ಒಂದು ಅರ್ಜಿ ಬರೆಯಲಿ ನೋಡೋಣ.

ಪದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ ಮೇಡಂ. ಬಿಲಿಯನೇರ್‌ಗೆ ‘ಶತಕೋಟ್ಯಧಿಪತಿ’ ಅಂತ ಹಾಕಿದ್ದರೆ ದಯವಿಟ್ಟು ತೆಗೆಯಿರಿ. ಪತ್ರಿಕೆಗಳಲ್ಲೂ ಹೀಗೇ ಬರುತ್ತೆ. ಬಿಲಿಯನ್ ಅಂದರೆ ನೂರು ಕೋಟಿ, ಸರಿ. ಆದರೆ ಅದು ಡಾಲರ್ ಲೆಕ್ಕ. ರೂಪಾಯಿಯಲ್ಲಿ ಎಂಟು ಸಾವಿರ ಕೋಟಿಗೂ ಜಾಸ್ತಿ. ನೂರು ಕೋಟಿ ಅಂದರೆ ದೇವನಹಳ್ಳಿ ಹೈವೇ ಪಕ್ಕದ ಯಾವುದೋ ದೊಡ್ಡ ಲೇಔಟ್ ವ್ಯವಹಾರ ಅಂತ ನಿಮ್ಮ ಹುಡುಗರು ಅಂದುಕೊಳ್ಳುತ್ತಾರೆ. ಅಂತರ ಎಷ್ಟು ಅನ್ನೋದೇ ಕಾಣದಿದ್ದರೆ ಪ್ರದರ್ಶನ ಯಾಕೆ? ‘ಡಾಲರ್ ಬಿಲಿಯನೇರ್’ ಅಂತಲೇ ಇಟ್ಟು ಪಕ್ಕದಲ್ಲಿ ರೂಪಾಯಿ ಬರೆಯಿರಿ. ಭಾರತದ ಲೆಕ್ಕವನ್ನೂ ಸೇರಿಸಿ. 2022-23ರಲ್ಲಿ ಮೇಲಿನ ಶೇ 1 ಜನರ ಕೈಯಲ್ಲಿ ದೇಶದ ಶೇ 40.1 ಸಂಪತ್ತು ಇತ್ತು ಅಂತ ಅಸಮಾನತೆ ಬಗ್ಗೆ ಸಂಶೋಧನೆ ಮಾಡುವ ವರ್ಲ್ಡ್ ಇನಿಕ್ವಾಲಿಟಿ ಲ್ಯಾಬ್ 2024ರಲ್ಲಿ ಅಂದಾಜು ಮಾಡಿದೆ. ‘ನೂರು ಜನರಲ್ಲಿ ಒಬ್ಬರಿಗೆ, ನೂರು ರೂಪಾಯಿಯಲ್ಲಿ ನಲವತ್ತು’ ಅಂತ ದೊಡ್ಡಕ್ಷರದಲ್ಲಿ ಹಾಕಿ.

ಕೋಲಾರದಿಂದ:
ತದ್ಭವ ಆದಮೇಲೆ ಅದು ಕನ್ನಡವೇ. ಸಂಸ್ಕೃತದ ಕುಬೇರನಿಗೆ ಪಾರ್ಸಿ ಶಾಹಿ ಕಟ್ಟೋದು, ಸಂಸ್ಕೃತಕ್ಕೆ ಕನ್ನಡ ಕಟ್ಟುವ ಅರಿಸಮಾಸಕ್ಕಿಂತ ಕೆಟ್ಟದ್ದು. ಜೊತೆಗೆ ಇಂಗ್ಲಿಷ್ ಬಿಲಿಯನೇರ್ ಬೇರೆ ಉಳಿಸಬೇಕಾ? ‘ಉಳ್ಳವರ ಆಳ್ವಿಕೆ’ ಅನ್ನಿ. ‘ಉಳ್ಳವರು’ ಬಸವಣ್ಣನ ವಚನದಲ್ಲೇ ಇದೆ. ಸಾಲ ಮಾಡೋ ಅಗತ್ಯವೇ ಇಲ್ಲ.

ತುಮಕೂರಿನಿಂದ:
‘ರಾಜಕಾಲುವೆ’ ಅರಿಸಮಾಸ. ನಿಮ್ಮ ಜಿಲ್ಲೆಯ ಕೆರೆಗಳಿಗೆ ಅದರಲ್ಲೇ ನೀರು ಬರೋದು. ‘ಉಳ್ಳವರು’ ಒಳ್ಳೇ ಪದ, ನನಗೂ ಇಷ್ಟ. ಆದರೆ ನಾಲ್ಕು ಎಕರೆ ತೋಟ ಇರುವವನೂ ಊರಲ್ಲಿ ಉಳ್ಳವನೇ. ಮಸ್ಕ್‌ನನ್ನೂ ಅವನನ್ನೂ ಒಂದೇ ಪದದಲ್ಲಿ ಕರೆದರೆ ಆ ತೋಟದವನಿಗೆ ಅನ್ಯಾಯ.

ಚಿಕ್ಕಬಳ್ಳಾಪುರದಿಂದ:
ಇಬ್ಬರಿಗೂ ಧನ್ಯವಾದ. ‘ಕುಬೇರಶಾಹಿ’ ಕಳಿಸಿದೆ. ‘ಶತಕೋಟ್ಯಧಿಪತಿ’ ತೆಗೆಸಿ ರೂಪಾಯಿ ಲೆಕ್ಕ ಹಾಕಿಸಿದೆ. ಈಗ ‘ಪ್ರಿಕೇರಿಯಟ್’ ಒಂದು ಉಳಿದಿದೆ. ‘ಗುತ್ತಿಗೆ ಕಾರ್ಮಿಕರು’ ಅಂದರೆ ನರಸಾಪುರ, ವೇಮಗಲ್ ಕಾರ್ಖಾನೆಯವರು ಬರುತ್ತಾರೆ, ಆ್ಯಪ್ ನಂಬಿಕೊಂಡು ಡೆಲಿವರಿ ಮಾಡುವವರು ಹೊರಗೆ ಉಳಿಯುತ್ತಾರೆ. ಇಬ್ಬರಿಗೂ ಆಗುವಂಥದ್ದು ಇದ್ದರೆ ಹೇಳಿ. ಅಂಗಡಿ ಎಂಟಕ್ಕೆ ಬಾಗಿಲು ಹಾಕುತ್ತೆ.