ಕಯೋಟಿಯ ಕಥೆಯನ್ನು ಬೇಸಿಗೆ ಶಿಬಿರದಲ್ಲಿ ಹೇಳಬಹುದೇ?

ಕಥೆಯಂಗಳ (ಹನುಮಂತನಗರ):

ನಮ್ಮ ಬಡಾವಣೆಯ ಪುಟ್ಟ ಗ್ರಂಥಾಲಯದಲ್ಲಿ ಭಾನುವಾರಗಳಂದು ಮಕ್ಕಳಿಗೆ ಕಥೆ ಹೇಳುತ್ತೇನೆ. ಏಪ್ರಿಲ್ ಶಿಬಿರಕ್ಕೆಂದು ಉತ್ತರ ಅಮೆರಿಕದ ಮೂಲನಿವಾಸಿಗಳ ಕಯೋಟಿ (ನರಿ, ತೋಳಗಳ ಬಳಗದ ಅಲ್ಲಿಯ ಕಾಡುಪ್ರಾಣಿ) ಕಥೆಗಳನ್ನು ಈಗಿನಿಂದಲೇ ಸಿದ್ಧಪಡಿಸುತ್ತಿದ್ದೇನೆ. ನಮ್ಮ ಮಕ್ಕಳಿಗೆ ಗೊತ್ತಿರುವುದು ಕಾರ್ಟೂನಿನ ಕಯೋಟಿ, ಹಕ್ಕಿಯ ಬೆನ್ನುಹತ್ತಿ ಪ್ರಪಾತಕ್ಕೆ ಬೀಳುವ ಪ್ರಾಣಿ. ಕಥೆಗಳ ಕಯೋಟಿಯಾದರೋ ಜಗತ್ತನ್ನು ಕಟ್ಟಿದವನು, ಕೆಡಿಸಿದವನೂ ಅವನೇ.

ಇಡಾಹೊದ ನೆಜ್ ಪರ್ಸ್ ಜನರ ಕಥೆಯಲ್ಲಿ ದೈತ್ಯನೊಬ್ಬ ಪ್ರಾಣಿಗಳನ್ನೆಲ್ಲ ನುಂಗುತ್ತಾನೆ. ಕಯೋಟಿ ಬೇಕೆಂದೇ ಅವನ ಹೊಟ್ಟೆಯೊಳಗೆ ಹೋಗಿ, ಅಲ್ಲಿ ಬೆಂಕಿ ಹೊತ್ತಿಸಿ, ಗುಂಡಿಗೆಯನ್ನು ಕೊಯ್ದು ಎಲ್ಲರನ್ನೂ ಬಿಡಿಸುತ್ತಾನೆ. ದೈತ್ಯನ ದೇಹದ ತುಂಡುಗಳನ್ನು ದಿಕ್ಕುದಿಕ್ಕಿಗೆ ಎಸೆದರೆ ಅವುಗಳಿಂದ ಬೇರೆ ಬೇರೆ ಜನಾಂಗಗಳು ಹುಟ್ಟುತ್ತವೆ. ಕೈ ತೊಳೆದ ರಕ್ತದಿಂದ ನೆಜ್ ಪರ್ಸ್ ಜನರು. ಆ ಗುಂಡಿಗೆಯೆಂದು ತೋರಿಸುವ ದಿಬ್ಬ ಕಾಮಿಯಾ ಎಂಬ ಊರಿನ ಬಳಿ ಇಂದಿಗೂ ಇದೆ. ನವಾಹೊ ಜನರ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಕಪ್ಪು ದೇವರು ಒಂದೊಂದೇ ನಕ್ಷತ್ರವನ್ನು ಯೋಚಿಸಿ ಜೋಡಿಸುತ್ತಿರುತ್ತಾನೆ. ಕಾಯಲಾರದ ಕಯೋಟಿ ಉಳಿದವನ್ನೆಲ್ಲ ಬಾಚಿ ಆಕಾಶಕ್ಕೆ ತೂರಿಬಿಡುತ್ತಾನೆ. ಅದಕ್ಕೇ ಮುಕ್ಕಾಲುಪಾಲು ನಕ್ಷತ್ರಗಳಿಗೆ ಹೆಸರೂ ಇಲ್ಲ, ಕ್ರಮವೂ ಇಲ್ಲ. ನಮ್ಮ ಪಂಚತಂತ್ರದ ನರಿ ದಮನಕ ಎಷ್ಟೇ ಬುದ್ಧಿವಂತನಾದರೂ ಅವನ ಕೆಲಸ ಸಿಂಹರಾಜನ ಆಸ್ಥಾನದ ಒಳಗೆ ಮುಗಿಯುತ್ತದೆ. ಕಯೋಟಿಯಂಥವನನ್ನು ಮಕ್ಕಳಿಗೆ ಪರಿಚಯಿಸಲೇಬೇಕೆಂದು ನನಗೆ ಹಟ.

ತೊಡಕು ಇದು. ನವಾಹೊ ಜನರು ಕಯೋಟಿ ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳುತ್ತಾರೆ: ಮೊದಲ ಹಿಮ ಬಿದ್ದ ಮೇಲೆ, ಮೊದಲ ಗುಡುಗು ಕೇಳುವುದಕ್ಕೆ ಮುಂಚೆ, ಹಾವು ಕರಡಿಗಳು ಮಲಗಿರುವಾಗ. ಇಲ್ಲಿಯ ಏಪ್ರಿಲ್ ಎಂದರೆ ಅಶ್ವಿನಿ, ಭರಣಿ ಮಳೆ. ಸಂಜೆಯಾದರೆ ಗುಡುಗು ಸಿಡಿಲು. ಹೇಳಬಹುದೇ? ಇನ್ನೊಂದು ಸಣ್ಣ ಪ್ರಶ್ನೆ: ಮಕ್ಕಳಿಗೆ ಹತ್ತಿರವಾಗಲೆಂದು ಕಯೋಟಿಯ ಜಾಗದಲ್ಲಿ ನಮ್ಮ ನರಿಯನ್ನು ತಂದರೆ ತಪ್ಪೇ?

ಹುಲ್ಲುಗಾವಲು (ಯಲಹಂಕ):

ಎರಡನೆಯ ಪ್ರಶ್ನೆಗೆ ಮಾತ್ರ ನನ್ನ ಉತ್ತರ. ದಯವಿಟ್ಟು ನರಿ ಮಾಡಬೇಡಿ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ನರಿಗಳನ್ನು ನೋಡುತ್ತಾ ಬಂದವನು ನಾನು. ಕಯೋಟಿ, ನರಿ, ತೋಳ, ನಾಯಿ ಎಲ್ಲವೂ ಒಂದೇ ಕುಲದವು. ಮೈಕಟ್ಟಿನಲ್ಲಿ ಕಯೋಟಿ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಆದರೆ ಅದರ ಬದುಕಿನ ಚರಿತ್ರೆ ಬೇರೆ ಯಾವ ಪ್ರಾಣಿಗೂ ಇಲ್ಲ.

ಅದು ಮೂಲತಃ ಪಶ್ಚಿಮದ ಬಯಲುಗಳದ್ದು. ವಲಸೆ ಬಂದ ಬಿಳಿಯರು ತೋಳಗಳನ್ನು ಕೊಂದು ಮುಗಿಸಿದರು, ಕಾಡು ಕಡಿದು ಹೊಲ ಮಾಡಿದರು. ತೆರವಾದ ಜಾಗಕ್ಕೆಲ್ಲ ಕಯೋಟಿ ನುಗ್ಗಿತು. ಇಪ್ಪತ್ತನೆಯ ಶತಮಾನದಲ್ಲಿ ಅದು ಅಟ್ಲಾಂಟಿಕ್ ಕರಾವಳಿ ಮುಟ್ಟಿತು. ದಕ್ಷಿಣದಲ್ಲಿ ಈಗ ಪನಾಮ ಕಾಲುವೆಯನ್ನೂ ದಾಟಿದೆ. ಇದೆಲ್ಲ ಆಗಿದ್ದು ವಿಷ, ಬಲೆ, ಗುಂಡುಗಳ ನಡುವೆ. ಅಮೆರಿಕದ ಕೇಂದ್ರ ಸರ್ಕಾರದ ಇಲಾಖೆಯೊಂದೇ ಇಂದಿಗೂ ವರ್ಷಕ್ಕೆ ಹತ್ತಾರು ಸಾವಿರ ಕಯೋಟಿಗಳನ್ನು ಕೊಲ್ಲುತ್ತದೆ. ಷಿಕಾಗೊದಲ್ಲಿ 2000ದಿಂದ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಅವುಗಳನ್ನು ಅಧ್ಯಯನ ಮಾಡುತ್ತಿದ್ದಾರೆ. ಮಹಾನಗರದ ನಟ್ಟನಡುವೆ ಜೋಡಿ ಕಟ್ಟಿಕೊಂಡು ಮರಿ ಸಾಕುತ್ತವೆ, ಇಲಿ ಮೊಲ ಹಿಡಿಯುತ್ತವೆ, ಹೆಚ್ಚಾಗಿ ರಾತ್ರಿ ತಿರುಗುತ್ತವೆ. ಪಕ್ಕದ ಮನೆಯವರಿಗೂ ಸುಳಿವು ಸಿಗುವುದಿಲ್ಲ.

ಅಮೆರಿಕದ ವಾಯವ್ಯದ ಕೊಲಂಬಿಯಾ ನದಿ ಸೀಮೆಯ ಕಥೆಗಳಲ್ಲಿ ಕಯೋಟಿ ಸಾಯುತ್ತಲೇ ಇರುತ್ತಾನೆ. ಗೆಳೆಯನಾದ ಗುಳ್ಳೆನರಿ (ಫಾಕ್ಸ್) ಬಂದು ಹೆಣವನ್ನು ದಾಟಿದರೆ ಎದ್ದು ಕೂರುತ್ತಾನೆ. ಪ್ರಾಣಿಯ ಈ ಚರಿತ್ರೆ ಗೊತ್ತಿದ್ದರೆ ಆ ಕಥೆ ಕೇಳುವಾಗ ಮೈ ಜುಮ್ಮೆನ್ನುತ್ತದೆ. ನರಿಯ ವೇಷ ಹಾಕಿದರೆ ಇದಷ್ಟೂ ಹೋಯಿತು.

ಹಳೆಪುಸ್ತಕ (ಅವೆನ್ಯೂ ರಸ್ತೆ):

ನನಗೆ ಈ ನಿಯಮದ ಚಿಂತೆಯೇ ಅತಿಯೆನಿಸುತ್ತದೆ. ಕಥೆಗೆ ಕಾಲಿದೆ, ಅದು ಹೋದಲ್ಲೆಲ್ಲ ಅಲ್ಲಿಯದಾಗುತ್ತದೆ. ನಮ್ಮ ಕರಟಕ ದಮನಕರು ಪರ್ಷಿಯಾಕ್ಕೆ ಹೋಗಿ, ಎಂಟನೆಯ ಶತಮಾನದಲ್ಲಿ ಅರಬ್ಬಿಯ ಕಲೀಲ ದಿಮ್ನ ಆದರು. ಯಾವ ಋತುವಿನಲ್ಲಿ ಹೇಳಲಿ ಎಂದು ಯಾರು ನಮ್ಮನ್ನು ಕೇಳಿದರು? ಹಾಗೆ ಕೇಳುತ್ತಾ ಕುಳಿತಿದ್ದರೆ ಜಗತ್ತಿಗೆ ಪಂಚತಂತ್ರವೇ ದಕ್ಕುತ್ತಿರಲಿಲ್ಲ. ಮೇಡಂ, ಧೈರ್ಯವಾಗಿ ಹೇಳಿ.

ಪುತ್ತೂರಿನವ (ಈಗ ವಿಜಯನಗರ):

ಹಳೆಪುಸ್ತಕದವರ ಮಾತನ್ನು ಒಪ್ಪಲಾರೆ. ನಮ್ಮಲ್ಲೇ ಇಂಥ ಕಟ್ಟು ಇದೆ. ತುಳುನಾಡಿನಲ್ಲಿ ಮೇ ಕೊನೆಯ ವಾರದ ಸುಮಾರಿಗೆ ಪತ್ತನಾಜೆ ಬರುತ್ತದೆ. ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಕೋಲಗಳು ನಿಲ್ಲುತ್ತವೆ. ಮತ್ತೆ ಗೆಜ್ಜೆ ಕಟ್ಟುವುದು ಮಳೆಗಾಲ ಕಳೆದ ಮೇಲೆಯೇ. ಮಳೆಗೆ ರಂಗಸ್ಥಳ ಹಾಕಲಾಗದು ಎಂಬ ಕಾರಣವೂ ಇದೆ, ಬೇಸಾಯದ ಕೆಲಸವೂ ಇದೆ. ಆದರೆ ಅದನ್ನು ಪಾಲಿಸುವ ನಮ್ಮ ತಂದೆಯಂಥವರಿಗೆ ಅದು ಬರೀ ಅನುಕೂಲದ ಲೆಕ್ಕವಾಗಿರಲಿಲ್ಲ. ಕೋಲವನ್ನು ಆಷಾಢದಲ್ಲಿ ಪರದೇಶದ ವೇದಿಕೆಯ ಮೇಲೆ ಯಾರೋ ಕಟ್ಟಿದರೆಂದು ಕೇಳಿದರೆ ನನಗೆ ನೋವಾಗುತ್ತದೆ. ನವಾಹೊ ಅಜ್ಜಿಯೊಬ್ಬರಿಗೂ ಹಾಗೆಯೇ ಆದೀತಲ್ಲವೇ?

ಹಾಗೆಂದು ಮಳೆಗಾಲದಲ್ಲಿ ನಾವು ಬಾಯಿ ಮುಚ್ಚಿ ಕೂರುವುದಿಲ್ಲ. ವೇಷವಿಲ್ಲದೆ, ಕುಣಿತವಿಲ್ಲದೆ ಕುಳಿತು ತಾಳಮದ್ದಳೆ ನಡೆಸುತ್ತೇವೆ. ಅಕ್ಕ, ನಿಮ್ಮ ಶಿಬಿರಕ್ಕೂ ಅಂಥದೊಂದು ದಾರಿ ಹುಡುಕಿ.

ಕಥೆಯಂಗಳ:

ಹಳೆಪುಸ್ತಕದವರೇ, ಪಂಚತಂತ್ರ ರಾಜಕುಮಾರರಿಗೆ ಕಲಿಸಲೆಂದು ಕಟ್ಟಿದ್ದು. ಅದಕ್ಕೆ ಋತುವಿನ ಕಟ್ಟು ಯಾರೂ ಹಾಕಿರಲಿಲ್ಲ. ಹಾಗಾಗಿ ಮುರಿದವರೂ ಇಲ್ಲ. ನವಾಹೊ ಕಥೆ ತನ್ನ ಷರತ್ತನ್ನು ಜೊತೆಗೇ ಹೊತ್ತು ಬಂದಿದೆ. ಕಥೆಯನ್ನು ತೆಗೆದುಕೊಂಡು ಷರತ್ತನ್ನು ಬಿಸಾಡಿದರೆ ಅರ್ಧವನ್ನಷ್ಟೇ ಪಡೆದಂತೆ. ಪುತ್ತೂರಿನವರ ಪತ್ತನಾಜೆಯ ಮಾತು ನನಗೆ ಸರಿಯಾಗಿ ನಾಟಿತು. ನಾನು ಕಾಯುತ್ತೇನೆ.

ಒಂದು ಸಂಶಯ ಉಳಿದಿದೆ. ಬೆಂಗಳೂರಿನ ಡಿಸೆಂಬರ್, ಜನವರಿಗಳಲ್ಲಿ ಹಿಮ ಬೀಳುವುದಿಲ್ಲ. ಆದರೂ ಗುಡುಗು ಅಪರೂಪ. ಅಷ್ಟು ಸಾಕೇ?

ಲುಬ್ಧಕ (ಜೆ.ಪಿ. ನಗರ):

ಸಾಕೋ ಬೇಡವೋ ಹೇಳುವ ಅಧಿಕಾರ ನನಗಿಲ್ಲ. ಆಕಾಶ ನೋಡುವವನಾಗಿ ಚಳಿಗಾಲದ ಪರವಾಗಿ ಒಂದು ಮಾತು ಸೇರಿಸುತ್ತೇನೆ.

ನಕ್ಷತ್ರಗಳನ್ನು ತೂರುವ ಮೊದಲು ಕಯೋಟಿ ಒಂದನ್ನು ತನ್ನದೆಂದು ದಕ್ಷಿಣದಲ್ಲಿ ಇಟ್ಟುಕೊಂಡನೆಂದು ನವಾಹೊ ಕಥನಗಳು ಹೇಳುತ್ತವೆ. ಸಾಮಾನ್ಯವಾಗಿ ಅದನ್ನು ಗುರುತಿಸುವುದು ನಮ್ಮ ಅಗಸ್ತ್ಯ ನಕ್ಷತ್ರದೊಂದಿಗೆ. ಇಡೀ ರಾತ್ರಿಯಾಕಾಶದಲ್ಲಿ ಲುಬ್ಧಕದ (ಸಿರಿಯಸ್) ನಂತರ ಅತಿ ಪ್ರಕಾಶದ ನಕ್ಷತ್ರ ಅದು. ಅರಿಜೋನದ ನವಾಹೊ ಸೀಮೆಯಿಂದ ನೋಡಿದರೆ ಅದು ದಿಗಂತಕ್ಕೆ ತಗುಲಿದಂತೆ, ಒಂದೆರಡು ಡಿಗ್ರಿ ಮಾತ್ರ ಮೇಲೇರಿ ಸ್ವಲ್ಪ ಹೊತ್ತಿನಲ್ಲೇ ಮುಳುಗುತ್ತದೆ. ಬೆಂಗಳೂರಿನಲ್ಲಿ ಸುಮಾರು 24 ಡಿಗ್ರಿ ಎತ್ತರಕ್ಕೆ ಬರುತ್ತದೆ. ಅಂದರೆ ಆ ಕಥೆಯ ಯಜಮಾನರಿಗಿಂತ ನಮ್ಮ ಮಕ್ಕಳಿಗೇ ಅದು ಚೆನ್ನಾಗಿ ಕಾಣುತ್ತದೆ! ವಿಂಧ್ಯವನ್ನು ತಗ್ಗಿಸಿ ದಕ್ಷಿಣಕ್ಕೆ ಬಂದು ನಿಂತ ಋಷಿಯ ನಕ್ಷತ್ರವೇ ಅಲ್ಲಿ ತಾಳ್ಮೆಗೆಟ್ಟ ಕಯೋಟಿಯದು.

ಜನವರಿ ಕೊನೆಯಲ್ಲಿ ರಾತ್ರಿ ಎಂಟೂವರೆಯ ಮೇಲೆ ದಕ್ಷಿಣಕ್ಕೆ ತೆರೆದ ತಾರಸಿ ಸಿಕ್ಕರೆ ಸಾಕು. ಮೊದಲು ಲುಬ್ಧಕವನ್ನು ಹಿಡಿದು ಅಲ್ಲಿಂದ ಕೆಳಕ್ಕೆ ಬನ್ನಿ. ಬೀದಿದೀಪದ ನಡುವೆಯೂ ಕಾಣುತ್ತದೆ. ಕಥೆ ಅಲ್ಲೇ ಹೇಳಿ.

ಹುಲ್ಲುಗಾವಲು:

ಏಪ್ರಿಲ್‌ಗೆ ಪ್ರಾಣಿಯ ಕಥೆಯನ್ನೇ ಇಟ್ಟುಕೊಳ್ಳಿ ಮೇಡಂ. ಪನಾಮದವರೆಗಿನ ನಡಿಗೆ, ಷಿಕಾಗೊದ ಜೋಡಿಗಳು. ಅದಕ್ಕೆ ಯಾರ ಕಟ್ಟೂ ಇಲ್ಲ. ದೊಡ್ಡ ನಕಾಶೆಯೊಂದು ನನ್ನ ಬಳಿ ಇದೆ, ತಂದುಕೊಡುತ್ತೇನೆ. ಕೂಗಿನ ಧ್ವನಿಮುದ್ರಣವನ್ನೂ ಕೇಳಿಸಿ. ಎರಡೇ ಕಯೋಟಿಗಳು ಕೂಗಿದರೂ ಹಿಂಡೇ ಕೂಗಿದಂತೆ ಕೇಳಿಸುತ್ತದೆ.

ಕಥೆಯಂಗಳ:

ಹಾಗೆಯೇ ಆಗಲಿ. ಏಪ್ರಿಲ್‌ನಲ್ಲಿ ನಕಾಶೆ, ಕೂಗು ಮತ್ತು ದಾರಿಯುದ್ದಕ್ಕೂ ಬದುಕಿ ಬಂದ ಪ್ರಾಣಿ. ನಕ್ಷತ್ರದ ಕಥೆ, ದೈತ್ಯನ ಗುಂಡಿಗೆಯ ಕಥೆ ಎರಡನ್ನೂ ಜನವರಿಗೆ ಇಡುತ್ತೇನೆ, ಯಾಕೆ ಕಾಯುತ್ತಿದ್ದೇವೆ ಎಂಬುದನ್ನೂ ಮಕ್ಕಳಿಗೆ ಮೊದಲೇ ಹೇಳುತ್ತೇನೆ. ಗ್ರಂಥಾಲಯದ ತಾರಸಿಗೆ ದಕ್ಷಿಣದಲ್ಲಿ ಒಂದು ಅಪಾರ್ಟ್‌ಮೆಂಟ್ ಅಡ್ಡ ಇದೆ. ಹನುಮಂತನಗರ, ಗಿರಿನಗರದ ಸುತ್ತ ದಕ್ಷಿಣಕ್ಕೆ ತೆರೆದ, ನಲವತ್ತು ಮಕ್ಕಳು ಕೂರಬಹುದಾದ ತಾರಸಿ ಇರುವವರು ದಯವಿಟ್ಟು ಇಲ್ಲೇ ತಿಳಿಸಿ.