ಸಹಾಯ ಬೇಕು: ಕ್ಲಾಮಿಡೋಮೊನಾಸ್ ಕೂಡುವಾಗ ಪ್ರೊಟೀನ್‌ಗಳ ಓಡಾಟ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಈ ಹಸಿರು ಪಾಚಿಯ ಬಗ್ಗೆ ಸೆಮಿನಾರ್ ಇದೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಸಾರಜನಕ ಇಲ್ಲದ ದ್ರಾವಣಕ್ಕೆ ಹಾಕಿದರೆ ಪ್ಲಸ್, ಮೈನಸ್ (ಗಂಡು-ಹೆಣ್ಣಿನ ಥರ) ಎರಡೂ ಬಗೆಯ ಕೋಶಗಳು ಕೂಡಲು ತಯಾರಾಗುತ್ತವೆ, ಅಲ್ವಾ. ಪ್ಲಸ್ ಕೋಶದ ಅಂಟು ಪ್ರೊಟೀನ್ ಸ್ಯಾಗ್1 ಆಗಿನ್ನೂ ಜಾಸ್ತಿ ಇರುವುದು ಕೋಶದ ಮೈಮೇಲೆ, ಈಜಲು ಬಳಸುವ ಬಾಲದಂಥ ಕಶಾಂಗದಲ್ಲಲ್ಲ. ಎರಡರ ಕಶಾಂಗಗಳು ತಾಗಿ ಅಂಟಿಕೊಂಡ ಮೇಲೆ ಕೋಶದೊಳಗೆ ಸಂಕೇತ ಸಾಗಿಸುವ ಸೈಕ್ಲಿಕ್ ಎಎಂಪಿ ಏರುತ್ತದೆ, ಆಗ ಮೈಮೇಲಿದ್ದ ಸ್ಯಾಗ್1 ಕೋಶದೊಳಗಿನ ಸಣ್ಣ ಕೊಳವೆಗಳಾದ ಮೈಕ್ರೋಟ್ಯೂಬ್ಯೂಲ್‌ಗಳ ನೆರವಿನಿಂದ ಕಶಾಂಗದ ಬುಡಕ್ಕೆ ಬಂದು ಅಲ್ಲಿಂದ ಕಶಾಂಗದೊಳಗೆ ಹೋಗುತ್ತದೆ. ನನ್ನ ಪ್ರಶ್ನೆ ಇಲ್ಲೇ. ಬುಡದಲ್ಲಿ ಗೇಟ್ ಥರ ತಡೆ ಇದೆಯಲ್ಲ, ಅದನ್ನು ದಾಟುವುದು ಹೇಗೆ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಮುಂದಿನದು ಪರವಾಗಿಲ್ಲ. ಪ್ಲಸ್‌ನ ಫಸ್1, ಮೈನಸ್‌ನ ಹ್ಯಾಪ್2, ಅಂದರೆ ಎರಡು ಕೋಶಗಳನ್ನು ಬೆಸೆಯುವ ಪ್ರೊಟೀನ್‌ಗಳು, ಕೆಲಸ ಮುಗಿದ ಕೂಡಲೇ ನಾಶವಾಗುತ್ತವೆ, ಮೂರನೆಯವರಿಗೆ ಜಾಗ ಇಲ್ಲ! ಪ್ಲಸ್‌ನ ಜಿಎಸ್‌ಪಿ1, ಮೈನಸ್‌ನ ಜಿಎಸ್‌ಎಂ1 (ಜೀನ್‌ಗಳನ್ನು ಚಾಲೂ ಮಾಡುವ ಪ್ರೊಟೀನ್‌ಗಳು) ಕೋಶಗಳು ಬೆಸೆದ ಮೇಲೆ ಜೊತೆಯಾಗಿ ನ್ಯೂಕ್ಲಿಯಸ್‌ಗೆ ಹೋಗುತ್ತವೆ ಅಂತ 2008ರಲ್ಲೇ ತೋರಿಸಿದ್ದಾರೆ.

ಇನ್ನೊಂದು ವಿಷಯ. ಮೈಸೂರು ಅಥವಾ ಮಂಡ್ಯದಲ್ಲಿ ಯಾರ ಹತ್ತಿರವಾದರೂ ಸಿಸಿ-125 (ಪ್ಲಸ್), ಸಿಸಿ-124 (ಮೈನಸ್) ತಳಿಗಳು ಇವೆಯಾ? ಕುಕ್ಕರಹಳ್ಳಿ ಕೆರೆ ನೀರು ತಂದು ನೋಡು ಅಂತಾರೆ ಗೆಳೆಯರು, ಸುಮ್ನೆ. ಯಾವುದು ಪ್ಲಸ್, ಯಾವುದು ಮೈನಸ್ ಅಂತ ಅದರಲ್ಲಿ ಹುಡುಕುವುದು ಯಾರು? ಕೂಡುವುದನ್ನು ನೋಡಲು ಮಾಮೂಲಿ ಮೈಕ್ರೋಸ್ಕೋಪ್ ಸಾಕು, ಅದು ನಮ್ಮಲ್ಲಿದೆ. ಸ್ಯಾಗ್1 ನೋಡಲು ಫ್ಲೋರೆಸೆನ್ಸ್ ಬೇಕು, ಅದಿಲ್ಲ. ಒಂದು ಮಧ್ಯಾಹ್ನ ಬಳಸಲು ಬಿಡುವವರಿದ್ದರೆ ಕಾಮೆಂಟ್ ಹಾಕಿ, ನಾನೇ ಬರುತ್ತೇನೆ.