ಕಪ್ ಗೆದ್ದ ಕೋಚ್‌ನನ್ನೇ ಯಾಕೆ ತೆಗೆದರು? 13 ವರ್ಷದ ಹುಡುಗನಿಗೆ ಏನು ಹೇಳಲಿ?

ಕೋಡಿಬಾಗ, ಕಾರವಾರ (ಕೇಳಿದವರು), ಶನಿವಾರ ರಾತ್ರಿ

ಫುಟ್‌ಬಾಲ್ ನೋಡುವವರು ಯಾರಾದರೂ ನಿಮ್ಮ ಅನುಭವ ಹೇಳಿ. ಅಕ್ಕನ ಮಗನ ವಿಷಯ. 13 ವರ್ಷ. ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್ ಅಂದರೆ ಪ್ರಾಣ. ಶುರುವಾಗಿದ್ದು ಅಲ್ಲಿನ ಆಟಗಾರ ಸನ್ ಹ್ಯುಂಗ್-ಮಿನ್‌ನಿಂದ, ಆಮೇಲೆ ಕೋಚ್ ಆಂಜ್ ಪೊಸ್ಟೆಕೊಗ್ಲು ಅವರೂ ಹಿಡಿಸಿದರು. ಎರಡನೇ ವರ್ಷ ನಾನು ಕಪ್ ಗೆದ್ದೇ ಗೆಲ್ಲುತ್ತೇನೆ ಅಂತ ಅವರು ಹೇಳಿದ್ದನ್ನು ಇವನು ದೇವರ ಮಾತಿನ ಹಾಗೆ ನಂಬಿದ್ದ.

ಗೆದ್ದರು ಕೂಡ. 2025ರ ಮೇ 21ಕ್ಕೆ ಬಿಲ್ಬಾವ್‌ನಲ್ಲಿ ಯುರೋಪಾ ಲೀಗ್ ಫೈನಲ್, ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ 1-0. ನಮ್ಮಲ್ಲಿ ಮಧ್ಯರಾತ್ರಿ ಹನ್ನೆರಡೂವರೆಗೆ ಶುರು. ಅಕ್ಕ ಬೈದರೂ ಕೂತು ನೋಡಿದ. 17 ವರ್ಷದ ನಂತರ ಕ್ಲಬ್ಬಿಗೆ ಒಂದು ಕಪ್. ಕೂಗಿದ ಕೂಗಿಗೆ ಪಕ್ಕದ ಮನೆಯವರು ಲೈಟ್ ಹಾಕಿ ಏನಾಯಿತು ಅಂತ ಕೇಳಿದರು.

16 ದಿನ ಬಿಟ್ಟು ಕೋಚ್‌ನನ್ನು ತೆಗೆದರು. ಆಗಸ್ಟ್‌ನಲ್ಲಿ ಸನ್ ಅಮೆರಿಕಕ್ಕೆ ಹೋದ. ಹುಡುಗ "ಆಂಜ್ ಎಲ್ಲಿಗೆ ಹೋಗುತ್ತಾರೋ ನಾನೂ ಅಲ್ಲಿಗೇ" ಅಂದ. ಸೆಪ್ಟೆಂಬರ್ 9ಕ್ಕೆ ಅವರು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದರು. ಇವನೂ ಸೇರಿದ! ಎಂಟು ಪಂದ್ಯ ಆಯಿತು, ಒಂದೂ ಗೆಲುವಿಲ್ಲ. ಇವತ್ತು ಸಂಜೆ ಗಲ್ಲಿಯ ಹುಡುಗರೆಲ್ಲ ಸೇರಿ ದೀಪಾವಳಿಗೆ ಸುಡುವ ನರಕಾಸುರನ ಬೊಂಬೆಗೆ ಹುಲ್ಲು ತುಂಬುತ್ತಿದ್ದರು. ಫಾರೆಸ್ಟ್ ಚೆಲ್ಸಿಗೆ 3-0 ಸೋತಿತು. ಅರ್ಧ ಗಂಟೆಯೂ ಆಗಿಲ್ಲ, ಆಂಜ್ ಔಟ್ ಅಂತ ಸುದ್ದಿ ಬಂತು. 39 ದಿನ. ಹುಡುಗ ಕೈಯಲ್ಲಿದ್ದ ಹುಲ್ಲು ಅಲ್ಲೇ ಬಿಟ್ಟು ಒಳಗೆ ಹೋದ. ಇನ್ನು ಬಾಲ್ ನೋಡಲ್ಲ, ಮಾಲಾದೇವಿ ಮೈದಾನಕ್ಕೆ ಪ್ರಾಕ್ಟೀಸಿಗೂ ಹೋಗಲ್ಲ ಅಂತಿದ್ದಾನೆ.

ಕೇಳಿದ್ದು ಒಂದೇ ಪ್ರಶ್ನೆ. "ಮಾಮಾ, ಗೆದ್ದರೂ ತೆಗೆದರು, ಸೋತರೂ ತೆಗೆದರು. ಹಾಗಾದರೆ ಏನು ಮಾಡಬೇಕಿತ್ತು?" ನನಗೆ ಉತ್ತರ ಬರಲಿಲ್ಲ. ಇನ್ನೊಂದು ತೊಂದರೆ, ನಾನು ಟಾಟನ್‌ಹ್ಯಾಮ್‌ನ ಬದ್ಧ ಎದುರಾಳಿ ಆರ್ಸೆನಲ್ ಕಡೆಯವನು. ನಾನು ಸಮಾಧಾನ ಹೇಳಿದರೆ ಅವನಿಗೆ ಅಣಕಿಸಿದ ಹಾಗೆ ಕೇಳಿಸುತ್ತದೆ.

ಅಂಕೋಲಾದಿಂದ

ದಯವಿಟ್ಟು ಅವನನ್ನು ನಮ್ಮ ಯುನೈಟೆಡ್ ಕಡೆ ಮಾತ್ರ ಕಳಿಸಬೇಡಿ.

ತಮಾಷೆ ಬಿಡಿ. ನಮ್ಮ ಹಳೆ ಕೋಚ್ ಫರ್ಗುಸನ್ 2013ರಲ್ಲಿ ಬಿಟ್ಟ ಮೇಲೆ ಎಷ್ಟು ಕೋಚ್‌ಗಳನ್ನು ತೆಗೆದರು ಅಂತ ಬೆರಳಲ್ಲಿ ಎಣಿಸುತ್ತೇನೆ. ಮೋಯೆಸ್ ಹತ್ತು ತಿಂಗಳು. ವಾನ್ ಗಾಲ್ 2016ರಲ್ಲಿ ಎಫ್‌ಎ ಕಪ್ ಗೆದ್ದು ಎರಡೇ ದಿನಕ್ಕೆ ಮನೆಗೆ. ಮೌರಿನ್ಯೊ, ಸೋಲ್‌ಶಾರ್. ಟೆನ್ ಹಾಗ್ ಅಂತೂ 2024ರ ಮೇನಲ್ಲಿ ಎಫ್‌ಎ ಕಪ್ ಗೆದ್ದರು, ಜುಲೈನಲ್ಲಿ ಕರಾರು ಉದ್ದ ಮಾಡಿದರು, ಅಕ್ಟೋಬರ್‌ನಲ್ಲಿ ತೆಗೆದರು. ಅವರಿಗೂ ಅವರ ಜೊತೆಯವರಿಗೂ ಕೊಟ್ಟು ಕಳಿಸಿದ್ದು ಒಂದು ಕೋಟಿ ಪೌಂಡಿಗೂ ಜಾಸ್ತಿ.

ಇದನ್ನು ಹುಡುಗನಿಗೆ ಹೇಳಿ. ಕೋಚ್ ಬೀದಿಗೆ ಬಿದ್ದಿಲ್ಲ. ನಾನು ಮೋಯೆಸ್ ಹೋದಾಗ ಹುಬ್ಬಳ್ಳಿಯ ರೂಮಿನಲ್ಲಿ ಗೆಳೆಯರಿಗೆಲ್ಲ ಗಿರ್ಮಿಟ್ ಕೊಡಿಸಿದ್ದೆ. ಆಮೇಲೆ ಪ್ರತಿ ಸಲವೂ ಖುಷಿ ಆಯಿತು, ಆದರೆ ಪ್ರತಿ ಸಲವೂ ಸ್ವಲ್ಪ ಬೇಗ ಇಳಿಯಿತು. ಟೆನ್ ಹಾಗ್ ಹೋದ ದಿನ ನಾನು ಅಡಿಕೆ ತೂಕಕ್ಕೆ ಹಾಕಿಸುತ್ತಿದ್ದೆ. ಫೋನ್ ನೋಡಿದೆ, ಜೇಬಿಗೆ ಹಾಕಿಕೊಂಡೆ. ಅಷ್ಟೇ.

ಕುಮಟಾದಿಂದ

ನಾನು ಚೆಲ್ಸಿ ಕಡೆ. 2012ರ ಮೇನಲ್ಲಿ ನಮ್ಮ ಕೋಚ್ ಡಿ ಮಟ್ಟೆಯೊ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟರು, ನವೆಂಬರ್‌ನಲ್ಲಿ ಔಟ್. ಟುಚೆಲ್ 2021ರಲ್ಲಿ ಗೆದ್ದರು, ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಔಟ್. ಕಪ್ ಅಂದರೆ ಕೆಲಸಕ್ಕೆ ಗ್ಯಾರಂಟಿ ಅಲ್ಲ ಅಂತ ನಮಗೆ ಯಾವತ್ತೋ ಅಭ್ಯಾಸ ಆಗಿದೆ.

ಮಾಜಾಳಿಯಿಂದ

ನನ್ನದು ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ಕಾರವಾರದವರಿಗೆ ಬೆಂಗಳೂರಿನ ಕಂಠೀರವಕ್ಕಿಂತ ಗೋವಾದ ಮಡಗಾಂವ್‌ನ ಫಾತೋರ್ಡಾ ಸ್ಟೇಡಿಯಂ ಹತ್ತಿರ ಅಲ್ವಾ. ನಾನು ಎಫ್‌ಸಿ ಗೋವಾ ಕ್ಲಬ್ಬಿನ ಕಡೆ. ಗಡಿಯ ಪೋಳೆಂ ಚೆಕ್‌ಪೋಸ್ಟ್ ದಾಟಿದ ಕೂಡಲೇ ಬ್ಯಾಗಿನಿಂದ ಕಿತ್ತಳೆ ಜೆರ್ಸಿ ತೆಗೆದು ಹಾಕಿಕೊಳ್ಳುತ್ತಿದ್ದ ಕಾಲ ಅದು. ಸರ್ಜಿಯೊ ಲೊಬೆರಾ 2017ರಲ್ಲಿ ಕೋಚ್ ಆಗಿ ಬಂದರು. ಅವರ ಹುಡುಗರು ಬಾಲ್ ಹಿಡಿದುಕೊಂಡು ಆಡುವುದನ್ನು ನೋಡಲು ಬೈಕ್ ಮೇಲೆ ಹೋಗಿ, ರಾತ್ರಿ ಕರ್ಮಲ್ ಘಾಟಿಯ ಚಳಿಯಲ್ಲಿ ನಡುಗುತ್ತ ವಾಪಸ್ ಬರುತ್ತಿದ್ದೆವು. 2019ರಲ್ಲಿ ಸೂಪರ್ ಕಪ್ ಕೂಡ ಬಂತು.

2020ರ ಜನವರಿ 31. ಮೂರೇ ಲೀಗ್ ಪಂದ್ಯ ಬಾಕಿ. ಎರಡು ದಿನದ ಹಿಂದೆ ಒಡಿಶಾ ಮೇಲೆ 4-2 ಗೆದ್ದಿದ್ದೆವು. ಆಗ ಲೊಬೆರಾರನ್ನು ತೆಗೆದರು! ನಾನು ನಂಬಲೇ ಇಲ್ಲ. ಯಾರೋ ಕಿಡಿಗೇಡಿ ಹಾಕಿದ ಸುಳ್ಳು ಅಂದುಕೊಂಡು ಇಬ್ಬರಿಗೆ ಬೈದೂ ಬಿಟ್ಟೆ. ನಿಜ ಅಂತ ಗೊತ್ತಾದ ಮೇಲೆ ಸಿಟ್ಟಿನಲ್ಲಿ, ಇನ್ನು ಫಾತೋರ್ಡಾ ಮೆಟ್ಟಿಲು ಹತ್ತಲ್ಲ ಅಂತ ಆಣೆ ಮಾಡಿದೆ. ನಿಮ್ಮ ಹುಡುಗನ ಹಾಗೇ.

ಕ್ಲಿಫರ್ಡ್ ಮಿರಾಂಡಾ ತಾತ್ಕಾಲಿಕವಾಗಿ ತಂಡ ನೋಡಿಕೊಂಡರು. ನಮ್ಮ ಗೋವಾದವರೇ, ತಂಡದ ಜೊತೆಗೇ ಇದ್ದವರು. ಮೂರಕ್ಕೆ ಮೂರೂ ಗೆದ್ದರು. ಕೊನೆಯದು ಜಮ್ಶೆಡ್‌ಪುರದಲ್ಲಿ 5-0. ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಕೊಡುವ ಶೀಲ್ಡ್ ನಮ್ಮದಾಯಿತು. ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತಕ್ಕೆ ಹೋದ ಮೊದಲ ಭಾರತೀಯ ಕ್ಲಬ್ ನಾವು. ನಾನು ಜಮ್ಶೆಡ್‌ಪುರದ ಪಂದ್ಯ ಆಣೆ ಮುರಿಯದೆ ಮನೆಯ ಟಿವಿಯಲ್ಲೇ ನೋಡಿದೆ. ಐದನೇ ಗೋಲಿಗೆ ಎದ್ದು ಕುಣಿದೆ, ಕುಣಿಯುವಾಗಲೇ ಒಂಥರಾ ಆಯಿತು. ಶೀಲ್ಡ್ ಯಾರದ್ದು? ಹೋದವರದ್ದಾ, ಬಂದವರದ್ದಾ?

ಕಥೆ ಅಲ್ಲಿಗೆ ಮುಗಿಯಲಿಲ್ಲ. ಲೊಬೆರಾ ಮುಂಬೈ ಸಿಟಿಗೆ ಹೋದರು. ಮುಂದಿನ ವರ್ಷ ಸೆಮಿಫೈನಲ್‌ನಲ್ಲಿ ನಮ್ಮನ್ನೇ ಪೆನಾಲ್ಟಿಯಲ್ಲಿ ಸೋಲಿಸಿದರು. ಶೀಲ್ಡೂ ಅವರಿಗೆ, ಕಪ್ಪೂ ಅವರಿಗೆ. ನನಗೆ ಹೊಟ್ಟೆ ಉರಿಯಿತು, ಜೊತೆಗೆ ಯಾರಿಗೂ ಹೇಳದ ಒಂದು ಖುಷಿಯೂ ಆಯಿತು. ನೋಡಿ, ನಾನು ಹೇಳಲಿಲ್ವಾ, ಈ ಮನುಷ್ಯ ಕೆಟ್ಟ ಕೋಚ್ ಅಲ್ಲ ಅಂತ!

ಹುಡುಗ ಕೋಚ್ ಹಿಂದೆ ಹೋದದ್ದು ತಪ್ಪಲ್ಲ. ಆದರೆ ಎರಡು ದೋಣಿಯಲ್ಲಿ ಕಾಲಿಡುವುದು ಕಷ್ಟ. ನಾನು ಮತ್ತೆ ಫಾತೋರ್ಡಾಗೆ ಹೋದೆ. ಆಣೆ ಎಷ್ಟು ದಿನ ನಡೆಯಿತು ಅಂತ ಮಾತ್ರ ಕೇಳಬೇಡಿ.

ಬೈತಖೋಲ್ ಬಂದರಿನಿಂದ

ನಾನು ಬಾಲ್ ಅಷ್ಟು ನೋಡುವವನಲ್ಲ. ಮಗ ನೋಡುತ್ತಾನೆ, ಅವನೇ ಇದನ್ನು ತೋರಿಸಿದ. ಆದರೆ ಈ ಕಥೆ ನಮ್ಮ ಬಂದರಿನದೇ.

ಪರ್ಸೀನ್ ಅಂದರೆ ದೊಡ್ಡ ಬಲೆಯ ಮೀನುಗಾರಿಕೆ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ ಇರುತ್ತಾನೆ. ಬೋಟು ಅವನದಲ್ಲ, ಬಲೆ ಅವನದಲ್ಲ, ಡೀಸೆಲ್ ಅವನದಲ್ಲ. ನೀರಿನ ಬಣ್ಣ ನೋಡಿ, ಹಕ್ಕಿ ನೋಡಿ "ಬಲೆ ಬಿಡು" ಅನ್ನುವುದು ಮಾತ್ರ ಅವನದು. ಮೀನು ಬಿದ್ದರೆ ಬೋಟಿನ ಹೆಸರು. ಬೀಳದಿದ್ದರೆ ತಾಂಡೇಲನ ಹೆಸರು. ಎರಡು ವಾರ ಖಾಲಿ ಬಂದರೆ ಮಾಲೀಕ ಬೋಟು ಬದಲಿಸಲು ಆಗುತ್ತದಾ? 25-30 ಜನ ಕಲಾಸಿಗಳನ್ನು (ಬೋಟಿನ ಕೆಲಸಗಾರರನ್ನು) ಬದಲಿಸಲು ಆಗುತ್ತದಾ? ಒಬ್ಬನನ್ನು ಬದಲಿಸುವುದು ಸುಲಭ.

ನಾನು ಕಲಾಸಿ ಆಗಿದ್ದಾಗ ನಮ್ಮ ತಾಂಡೇಲನಿಗೂ ಹೀಗೇ ಆಯಿತು. ವರ್ಷವೆಲ್ಲ ಸಾಧಾರಣ. ಮೇ ಕೊನೆಗೆ ಒಂದೇ ದಿನ ಬೋಟು ಮುಳುಗುವಷ್ಟು ಬಂಗಡೆ ಬಿತ್ತು. ನಾವೆಲ್ಲ ಅವನನ್ನು ಎತ್ತಿಕೊಂಡು ಕುಣಿದೆವು. ಜೂನ್ 1ರಿಂದ ಮೀನುಗಾರಿಕೆ ಬಂದ್, ಬೋಟು ದಡಕ್ಕೆ. ಮಾಲೀಕ ವರ್ಷದ ಲೆಕ್ಕ ತೆಗೆದ. ಒಂದು ದಿನದ ಬಂಗಡೆ ವರ್ಷದ ಡೀಸೆಲಿಗೆ ಸಾಕಾಗಲಿಲ್ಲ. ತಾಂಡೇಲ ತನ್ನ ಊಟದ ಡಬ್ಬಿ, ರೇನ್‌ಕೋಟ್ ತೆಗೆದುಕೊಂಡು ಹೊರಟ. ಆಗಸ್ಟ್‌ನಲ್ಲಿ ನೋಡಿದರೆ ನಮ್ಮಿಂದ ನಾಲ್ಕು ಬೋಟು ಆಚೆ ನಿಂತು ಬಲೆ ಸರಿಮಾಡುತ್ತಿದ್ದ. ನನ್ನನ್ನು ನೋಡಿ ಕೈ ಎತ್ತಿದ.

ನಿಮ್ಮ ಹುಡುಗನ ಕೋಚ್‌ನ ವರ್ಷದ ಲೆಕ್ಕ ಹೇಗಿತ್ತು? ಅದನ್ನು ನೀವು ಬರೆದಿಲ್ಲ.

ಶಿರಸಿಯಿಂದ

ಬೈತಖೋಲಿನವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಲೆಕ್ಕ ನಾನು ಹೇಳುತ್ತೇನೆ. ಕಪ್ ಗೆದ್ದ ಆ ವರ್ಷವೇ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಟಾಟನ್‌ಹ್ಯಾಮ್ 38ರಲ್ಲಿ 22 ಪಂದ್ಯ ಸೋತಿತು. 20 ತಂಡದಲ್ಲಿ 17ನೇ ಸ್ಥಾನ. ಕೆಳಗಿನ ಮೂರು ತಂಡ ಲೀಗ್‌ನಿಂದಲೇ ಹೊರಗೆ, ಅದರ ಮೇಲಿನ ಮೆಟ್ಟಿಲೇ ಇವರು. ಆಟಗಾರರಿಗೆ ಗಾಯದ ಮೇಲೆ ಗಾಯ ಆಗಿದ್ದೂ ನಿಜ. ಇದನ್ನು ಮಾಣಿಗೆ ಮುಚ್ಚಿಡಬೇಡಿ. ಕಪ್ ನಿಜ, 22 ಸೋಲೂ ನಿಜ. 13 ವರ್ಷದವನಿಗೆ ಎರಡೂ ಒಟ್ಟಿಗೆ ಅರ್ಥ ಆಗುತ್ತದೆ. ನಮಗೇ ಆಗುವುದಿಲ್ಲ ಅಷ್ಟೇ.

ಆದರೆ ತಾಂಡೇಲನ ಹೋಲಿಕೆಯಲ್ಲಿ ಒಂದು ಬಿಟ್ಟುಹೋಗಿದೆ. ತಾಂಡೇಲನನ್ನು "ತೆಗೀರಿ, ತೆಗೀರಿ" ಅಂತ ಕೂಗಲು ಬಂದರಿಗೆ ಸಾವಿರಾರು ಜನ ಬರುವುದಿಲ್ಲ. ಕೋಚ್‌ಗೆ ಬರುತ್ತಾರೆ. ನಾನೇ ಹೋಗಿದ್ದೇನೆ.

ಬೆಂಗಳೂರಲ್ಲಿ ಕೆಲಸಕ್ಕಿದ್ದಾಗ ಬೆಂಗಳೂರು ಎಫ್‌ಸಿ ಪಂದ್ಯ ತಪ್ಪಿಸುತ್ತಿರಲಿಲ್ಲ. ಕೋಚ್ ಸೈಮನ್ ಗ್ರೇಸನ್ ಕಾಲ. 2022ರಲ್ಲಿ ಡ್ಯೂರಾಂಡ್ ಕಪ್. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕೊನೆಗೆ ಲೀಗ್‌ನ ಎಂಟು ಪಂದ್ಯ ಒಂದರ ಹಿಂದೆ ಒಂದು ಗೆದ್ದು 2023ರ ಫೈನಲ್‌ಗೆ ಹೋದೆವು. ಫಾತೋರ್ಡಾದಲ್ಲಿ ಪೆನಾಲ್ಟಿಯಲ್ಲಿ ಸೋತಾಗ ಗ್ರೇಸನ್‌ಗೆ ನಿಂತು ಚಪ್ಪಾಳೆ ಹೊಡೆದೆ. ಮಾಜಾಳಿಯವರೇ, ಅವತ್ತು ನಿಮ್ಮ ಊರ ಮೇಲೇ ಬಸ್ಸಲ್ಲಿ ಹೋದೆ. ಅದೇ ವರ್ಷ ಡಿಸೆಂಬರ್ 8, ಕಂಠೀರವದಲ್ಲಿ ಮುಂಬೈ ಸಿಟಿ 4-0 ಹೊಡೆಯಿತು. ನಾಲ್ಕನೆಯದಕ್ಕೆ ಅದೇ ನಾನು ಸೀಟಿನ ಮೇಲೆ ನಿಂತು, ಇವರನ್ನು ಕಳಿಸಿ ಅಂತ ಗಂಟಲು ಹರಿಯುವಷ್ಟು ಕೂಗಿದೆ. ಮರುದಿನ ಕಳಿಸಿದರು. ಗಂಟಲು ಇನ್ನೂ ನೋಯುತ್ತಿತ್ತು. ಬೆಲ್ಲ-ಕಾಳುಮೆಣಸಿನ ಕಷಾಯ ಕುಡಿಯುತ್ತ ಸುದ್ದಿ ಓದಿದೆ. ಕೇಳಿದ್ದು ಸಿಕ್ಕಿತ್ತು. ಒಂಚೂರೂ ಖುಷಿ ಆಗಲಿಲ್ಲ. ಒಂಬತ್ತು ತಿಂಗಳ ಹಿಂದಿನ ಚಪ್ಪಾಳೆಯೂ ಇದೇ ಕೈಯದು ತಾನೇ.

ನಿಮ್ಮ ಹುಡುಗ ಯಾರನ್ನೂ ತೆಗೆಯಿರಿ ಅಂತ ಕೂಗಿಲ್ಲ. ಆ ಮಟ್ಟಿಗೆ ಅವನು ನನಗಿಂತ ವಾಸಿ.

ಕಾರವಾರದಿಂದ, ಇನ್ನೊಬ್ಬರು

ನೀವೆಲ್ಲ ಕೋಚ್ ಬಗ್ಗೆ ಬರೆಯುತ್ತಿದ್ದೀರಿ. ನನಗೆ ಯಾಕೋ ಹುಡುಗ ಅಳುತ್ತಿರುವುದು ಸನ್‌ಗಾಗಿ ಅನ್ನಿಸುತ್ತದೆ. ನನ್ನ ಮಗಳೂ ಆಡುತ್ತಾಳೆ. ಅವಳ ಜೊತೆ ಆಡುತ್ತಿದ್ದ ಹುಡುಗಿಯ ತಂದೆಗೆ ವರ್ಗ ಆಗಿ ಊರು ಬಿಟ್ಟಾಗ ಮಗಳು ಆಟದ ಬೂಟೇ ಬೇಡ ಅಂದಿದ್ದಳು. ಕೈಗಾ, ನೌಕಾನೆಲೆ ಅಂತ ನಮ್ಮ ಊರಿನ ಮಕ್ಕಳಿಗೆ ಗೆಳೆಯರು ಹೋಗುವುದು ಹೊಸದೇನಲ್ಲ. ನಾನು ಏನೂ ಹೇಳಲಿಲ್ಲ. ಬೂಟು ತೊಳೆದು ಬಾಗಿಲ ಹತ್ತಿರ ಇಟ್ಟೆ. ಐದನೇ ದಿನ ಹಾಕಿಕೊಂಡಳು.

ನಾಳೆ ಭಾನುವಾರ ಸಂಜೆ ಟಾಟನ್‌ಹ್ಯಾಮ್ ಪಂದ್ಯ ಇದೆ. ಅವನನ್ನು ಕರೆಯಬೇಡಿ. ಸುಮ್ನೆ ಟಿವಿ ಹಾಕಿಡಿ.

ಕೋಡಿಬಾಗ (ಕೇಳಿದವರು), ಸೋಮವಾರ ಬೆಳಿಗ್ಗೆ

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳಿಬಿಡುತ್ತೇನೆ.

ಟಿವಿ ಹಾಕಿಟ್ಟೆ. ಆಸ್ಟನ್ ವಿಲ್ಲಾ ಜೊತೆ ಪಂದ್ಯ. ಆರೂವರೆಗೆ ಶುರುವಾಗಿ ಐದೇ ನಿಮಿಷಕ್ಕೆ ಟಾಟನ್‌ಹ್ಯಾಮ್ ಗೋಲು ಹೊಡೆಯಿತು. ಒಳಗಿನ ಕೋಣೆಯಲ್ಲಿ ಮಂಚ ಕಿರ್ ಅಂದಿತು. ಅರ್ಧ ವಿರಾಮಕ್ಕೆ ಮುಂಚೆ ವಿಲ್ಲಾ ಸಮ ಮಾಡಿದಾಗ ಬಾಗಿಲ ಹತ್ತಿರ ನಿಂತಿದ್ದ. ಕೊನೆಗೆ 2-1 ಸೋತರು. ಅಷ್ಟು ಹೊತ್ತಿಗೆ ನನ್ನ ಪಕ್ಕ ಕೂತು ಚಕ್ಕುಲಿ ಡಬ್ಬಿ ಅರ್ಧ ಖಾಲಿ ಮಾಡಿದ್ದ.

ತಾಂಡೇಲನ ಕಥೆ ಹೇಳಿದೆ. "ಅವನು ಕೈ ಎತ್ತಿದಾಗ ಆ ಅಂಕಲ್ ಕೂಡ ಕೈ ಎತ್ತಿದರಾ?" ಅಂತ ಕೇಳಿದ. ಬೈತಖೋಲಿನವರೇ, ಇದಕ್ಕೆ ನೀವೇ ಉತ್ತರ ಬರೆಯಬೇಕು. 22 ಸೋಲಿನ ಲೆಕ್ಕ ತೆಗೆದರೆ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು, ಯಾವ ಪಂದ್ಯಕ್ಕೆ ಯಾವ ಡಿಫೆಂಡರ್ ಇರಲಿಲ್ಲ ಅನ್ನುವುದರ ಸಮೇತ.

ಆಮೇಲೆ ನಾನೊಂದು ತಪ್ಪು ಮಾಡಿದೆ. ವಿಲ್ಲಾ ಕೋಚ್ ಉನಾಯ್ ಎಮೆರಿ ಇದ್ದಾರಲ್ಲ, ಅವರನ್ನು 2019ರಲ್ಲಿ ತೆಗೆದದ್ದು ನಮ್ಮ ಆರ್ಸೆನಲ್ಲೇ ಅಂತ ಬಾಯಿಬಿಟ್ಟೆ. ಹುಡುಗ ತಿರುಗಿ ನೋಡಿದ. "ಅಂದರೆ ನೀವು ಬೇಡ ಅಂದವರು ಬಂದು ನಮ್ಮನ್ನು ಸೋಲಿಸಿದರು. ಆಗ ನೀನು ಏನಂದಿದ್ದೆ ಮಾಮಾ?" ಹೋಗಲಿ ಅಂದಿದ್ದೆ. ಅವರಿಗಿಂತ ಮುಂಚೆ 22 ವರ್ಷ ಇದ್ದ ವೆಂಗರ್‌ಗೂ ಹಾಗೇ ಅಂದಿದ್ದೆ. ಒಪ್ಪಿಕೊಂಡೆ.

ಅವನು ಏನೂ ಹೇಳಲಿಲ್ಲ. ಎದ್ದು ಗಲ್ಲಿಗೆ ಹೋಗಿ ನರಕಾಸುರನ ಕೆಲಸಕ್ಕೆ ಸೇರಿಕೊಂಡ. ರಾತ್ರಿ ಹನ್ನೊಂದಕ್ಕೆ ಬಂದು, ಅಸುರನಿಗೆ ಅಂಗಿ ಸಾಲುತ್ತಿಲ್ಲ, ಕೆಂಪು ಬಣ್ಣದ್ದು ದೊಡ್ಡದು ಏನಾದರೂ ಇದೆಯಾ ಅಂತ ಕೇಳಿದ.

ಇವತ್ತು ಬೆಳಗಿನ ಜಾವ ಸುಟ್ಟರು. ನನ್ನ ಹಳೆಯ ಆರ್ಸೆನಲ್ ಜೆರ್ಸಿ ಅಸುರನ ಮೈಗೆ ಚೆನ್ನಾಗಿಯೇ ಕೂತಿತ್ತು. ಒಳಗೆ ಪಟಾಕಿ ಜಾಸ್ತಿ ತುಂಬಿದ್ದರು.